‘ಕೇಳು’ ಎಂಬ ಮಾತಿನ ಉಳಿದರ್ಧ: ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತರಗತಿಯಲ್ಲಿ ಪಾಠ ಹೇಳುವವರು, ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವವರು, ಕಿರಿಯ ವೈದ್ಯರನ್ನೂ ದಾದಿಯರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸುವವರು, ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಲೆಕ್ಕ ಮಾಡಿಸುವವರು, ಹೀಗೆ ಇನ್ನೊಬ್ಬರಿಗೆ ಏನನ್ನಾದರೂ ಕಲಿಸುವ ಸ್ಥಾನದಲ್ಲಿರುವ ಎಲ್ಲರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನೂ ಹಲವು ವರ್ಷಗಳಿಂದ ಅದೇ ಸ್ಥಾನದಲ್ಲಿದ್ದೇನೆ. ಆದ್ದರಿಂದ ಇಲ್ಲಿ ಮಾಡಿರುವ ಆಕ್ಷೇಪಗಳಲ್ಲಿ ನನಗೆ ಅನ್ವಯಿಸದ್ದು ಒಂದೂ ಇಲ್ಲ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಮೂರು ಕೆಲಸಗಳಿಗೆ ಸಲ್ಲುತ್ತದೆ. ಕಿವಿಗೊಡುವುದೂ ಕೇಳುವುದೇ, ಹಿರಿಯರ ಮಾತಿನಂತೆ ನಡೆಯುವುದೂ ಕೇಳುವುದೇ, ಗೊತ್ತಿಲ್ಲದ್ದನ್ನು ಪ್ರಶ್ನಿಸಿ ತಿಳಿದುಕೊಳ್ಳುವುದೂ ಕೇಳುವುದೇ. ಆಲಿಸುವುದನ್ನೂ ಪ್ರಶ್ನಿಸುವುದನ್ನೂ ನಮ್ಮ ನುಡಿ ಹೀಗೆ ಒಂದೇ ಮಾತಿನಲ್ಲಿ ಹಿಡಿದಿಟ್ಟಿರುವಾಗ, ಕಲಿಸುವ ಜಾಗಗಳಲ್ಲಿ ಮಾತ್ರ ‘ಹೇಳಿದ್ದನ್ನು ಕೇಳು’ ಎಂಬ ಅರ್ಧ ಉಳಿದುಕೊಂಡು, ‘ಗೊತ್ತಾಗದಿದ್ದರೆ ಕೇಳು’ ಎಂಬ ಅರ್ಧ ಸದ್ದಿಲ್ಲದೆ ಕಳಚಿಹೋಗಿದೆ. ಹೆಚ್ಚು ಕೇಳುವವರನ್ನು ಕರೆಯಲು ಅಧಿಕಪ್ರಸಂಗಿ, ತಲೆಹರಟೆ, ತಲೆ ತಿನ್ನುವವರು ಎಂಬ ಮಾತುಗಳು ನಾಲಿಗೆಯ ತುದಿಯಲ್ಲೇ ಇವೆ. ಜಿಜ್ಞಾಸು ಎಂಬ ಒಳ್ಳೆಯ ಮಾತೂ ಇದೆ. ಆದರೆ ಎದುರಿಗೆ ನಿಂತು ಪ್ರಶ್ನೆ ಕೇಳುತ್ತಿರುವ ಮಗುವನ್ನು ಯಾರಾದರೂ ಹಾಗೆಂದು ಕರೆದದ್ದು ನನ್ನ ಕಿವಿಗೆ ಈವರೆಗೆ ಬಿದ್ದಿಲ್ಲ.

ಭಿನ್ನರಾಶಿಗಳ ಭಾಗಾಕಾರವನ್ನು ಕಲಿಯುತ್ತಿದ್ದ ವಯಸ್ಸಿನಲ್ಲಿ ನಾನು ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದೆ. ಭಾಗಿಸು ಎಂದು ಹೇಳಿದ ಮೇಲೆ ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸುವುದು ಏಕೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ‘ಎಲ್ಲರೂ ಮಾಡುತ್ತಿದ್ದಾರಲ್ಲ, ನಿನಗೊಬ್ಬರಿಗೇ ಏನು ತೊಂದರೆ? ತಲೆಹರಟೆ ಬಿಟ್ಟು ಲೆಕ್ಕ ಮಾಡು’ ಎಂಬ ಉತ್ತರ ಬಂತು. ತರಗತಿ ನಕ್ಕಿತು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಘಟನೆಯೇ ಅಲ್ಲ. ಆದರೆ ಆ ವರ್ಷ ಗಣಿತದ ತರಗತಿಯಲ್ಲಿ ನಾನು ಮತ್ತೆ ಕೈ ಎತ್ತಲಿಲ್ಲ, ಮುಂದಿನ ವರ್ಷವೂ ಎತ್ತಲಿಲ್ಲ, ಕಾಲಕ್ರಮದಲ್ಲಿ ಕೈ ಎತ್ತದಿರುವುದೇ ನನ್ನ ಸ್ವಭಾವ ಎಂದು ನಾನೂ ಇತರರೂ ಒಪ್ಪಿಕೊಂಡೆವು. ಅರ್ಧವನ್ನು ಕಾಲುಭಾಗದಿಂದ ಭಾಗಿಸುವುದೆಂದರೆ ಅರ್ಧದೊಳಗೆ ಎಷ್ಟು ಕಾಲುಭಾಗಗಳಿವೆ ಎಂದು ಎಣಿಸುವುದೇ ಹೊರತು ಬೇರೇನಲ್ಲ, ಒಂದರಲ್ಲಿ ನಾಲ್ಕು ಕಾಲುಭಾಗಗಳಿರುವುದರಿಂದ ಅರ್ಧದಲ್ಲಿ ಅದರ ಅರ್ಧದಷ್ಟು, ಅಂದರೆ ಎರಡು ಇರುತ್ತವೆ, ‘ನಾಲ್ಕರಿಂದ ಗುಣಿಸು’ ಎಂಬ ಮಾತು ಬಂದದ್ದು ಅಲ್ಲಿಂದಲೇ ಎಂಬ ವಿವರಣೆ ನನಗೆ ಸಿಕ್ಕಿದ್ದು ಸುಮಾರು 20 ವರ್ಷಗಳ ನಂತರ. ಅದನ್ನು ಹೇಳಲು ಅರ್ಧ ನಿಮಿಷ ಬೇಕಿರಲಿಲ್ಲ.

ಈ ಭಯವನ್ನು ನಾವು ಸಾಮಾನ್ಯವಾಗಿ ಕಲಿಯುವವರ ದೋಷವೆಂದು ಬರೆದಿಡುತ್ತೇವೆ. ಅವರಿಗೆ ಸಂಕೋಚ, ಆತ್ಮವಿಶ್ವಾಸ ಸಾಲದು, ಮಾತು ಕಡಿಮೆ ಎನ್ನುತ್ತೇವೆ. ಗೊತ್ತಿರುವ ಸಂಗತಿಗಳು ಹಾಗೆ ಹೇಳುವುದಿಲ್ಲ. ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಎಂಬ ಸಂಶೋಧಕರು ಬ್ರಿಟನ್ನಿನಲ್ಲಿ ಸುಮಾರು 4 ವರ್ಷದ 30 ಹೆಣ್ಣುಮಕ್ಕಳ ಮಾತನ್ನು ಮನೆಯಲ್ಲೂ ಶಿಶುವಿಹಾರದಲ್ಲೂ ಧ್ವನಿಮುದ್ರಿಸಿಕೊಂಡು, 1984ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಮನೆಯಲ್ಲಿ ತಾಯಿಯೊಂದಿಗೆ ಇರುವಾಗ ಆ ಮಕ್ಕಳು ಗಂಟೆಗೆ ಸರಾಸರಿ 26 ಪ್ರಶ್ನೆಗಳನ್ನು ಕೇಳುತ್ತಿದ್ದರು. ಶಿಶುವಿಹಾರದ ಸಿಬ್ಬಂದಿಯನ್ನು ಕೇಳುತ್ತಿದ್ದುದು ಗಂಟೆಗೆ ಸರಾಸರಿ 2. ಮಕ್ಕಳು ಅವರೇ, ನಾಲಿಗೆಯೂ ಅದೇ, ಕುತೂಹಲವೂ ಅದೇ. ಬದಲಾದದ್ದು ಜಾಗ ಮತ್ತು ಎದುರಿಗಿದ್ದವರು. ಹತ್ತು ವರ್ಷಗಳ ನಂತರ, 1994ರಲ್ಲಿ, ಆರ್ಥರ್ ಗ್ರೇಸರ್ ಮತ್ತು ನಟಾಲಿ ಪರ್ಸನ್ ಅವರು ಒಬ್ಬರಿಗೊಬ್ಬರು ಕುಳಿತು ಹೇಳಿಕೊಡುವ ಪಾಠಗಳನ್ನು ಅಧ್ಯಯನ ಮಾಡಿದಾಗ, ಅಲ್ಲಿ ವಿದ್ಯಾರ್ಥಿ ಕೇಳುವ ಪ್ರಶ್ನೆಗಳು ತರಗತಿಯಲ್ಲಿ ಕೇಳುವುದಕ್ಕಿಂತ ಸುಮಾರು 240 ಪಟ್ಟು ಹೆಚ್ಚಿದ್ದವು. ತುಂಬಿದ ತರಗತಿಯಲ್ಲಿ ಒಬ್ಬೊಬ್ಬರಿಗೆ ಸಿಗುವ ಅವಕಾಶವೇ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಅಂತರ ಇಷ್ಟು ದೊಡ್ಡದಾಗಿರುವಾಗ ಅದನ್ನು ಸ್ವಭಾವದ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಗಾದರೆ ಭಯ ಯಾವುದರದ್ದು? ದಡ್ಡರೆಂದು ಕಾಣಿಸಿಕೊಳ್ಳುವ ಭಯ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಅದು ನಿಜವೇ, ಆದರೆ ಪೂರ್ತಿ ಅಲ್ಲ. ಅದರ ಹಿಂದೆ ಒಂದು ತಪ್ಪು ಲೆಕ್ಕಾಚಾರವಿದೆ, ಮತ್ತು ಆ ಲೆಕ್ಕಾಚಾರವನ್ನು ಎಲ್ಲರೂ ಒಟ್ಟಿಗೆ ಮಾಡುತ್ತಾರೆ. ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮ್ಯಾಕ್‌ಫಾರ್ಲೆಂಡ್ ಅವರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ ಬೇಕೆಂದೇ ಅರ್ಥವಾಗದಂತೆ ಬರೆದ ಲೇಖನವನ್ನು ಓದಲು ಕೊಡಲಾಯಿತು. ಅರ್ಥಮಾಡಿಕೊಳ್ಳಲು ತೀರಾ ಕಷ್ಟವಾದರೆ ಬಂದು ಕೇಳಬಹುದು ಎಂದೂ ಹೇಳಲಾಗಿತ್ತು. ಯಾರೂ ಎದ್ದು ಹೋಗಿ ಕೇಳಲಿಲ್ಲ. ಕುತೂಹಲದ ಸಂಗತಿ ಇದಲ್ಲ, ಮುಂದಿನದು. ತಾವು ಕೇಳದೆ ಇದ್ದದ್ದು ಮುಜುಗರದಿಂದ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಪಕ್ಕದವರು ಕೇಳದೆ ಇದ್ದದ್ದು ಅವರಿಗೆ ಅರ್ಥವಾಗಿರುವುದರಿಂದ ಎಂದೇ ಅವರು ಊಹಿಸಿದರು. ನನ್ನ ಮೌನಕ್ಕೆ ಒಂದು ಅರ್ಥ, ನಿನ್ನ ಮೌನಕ್ಕೆ ಇನ್ನೊಂದು ಅರ್ಥ. ಕೋಣೆಯಲ್ಲಿರುವ ಪ್ರತಿಯೊಬ್ಬರೂ ಹೀಗೆ ಯೋಚಿಸಿದಾಗ, ಯಾರಿಗೂ ಅರ್ಥವಾಗದ ಪಾಠ ಎಲ್ಲರಿಗೂ ಅರ್ಥವಾದ ಪಾಠವಾಗಿ ದಾಖಲಾಗುತ್ತದೆ.

ಇದನ್ನು ಓದುವುದಕ್ಕೆ ಎಷ್ಟೋ ಮೊದಲೇ ನಾನು ಇದನ್ನು ಕಣ್ಣಾರೆ ಕಂಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಪ್ರತಿ ವಾರದ ಸಭೆಯಲ್ಲಿ ‘ಮಾನಕ ವಿಚಲನೆ’ (ಸ್ಟ್ಯಾಂಡರ್ಡ್ ಡೀವಿಯೇಷನ್) ಎಂಬ ಸಂಖ್ಯಾಶಾಸ್ತ್ರದ ಪದ ಓಡಾಡುತ್ತಿತ್ತು. ಅದನ್ನು ಲೆಕ್ಕ ಹಾಕಲು ನನಗೆ ಬರುತ್ತಿತ್ತು, ಆದರೆ ಬಂದ ಉತ್ತರ ಏನನ್ನು ಹೇಳುತ್ತದೆ ಎಂಬುದು ತಿಳಿದಿರಲಿಲ್ಲ. ಹನ್ನೊಂದು ತಿಂಗಳು ತಲೆಯಾಡಿಸಿದೆ. ಹನ್ನೆರಡನೆಯ ತಿಂಗಳು ಹೊಸದಾಗಿ ಸೇರಿದ್ದ ಒಬ್ಬರು, ಸೇರಿ ಇನ್ನೂ ಹತ್ತು ದಿನವಾಗಿರದ ಧೈರ್ಯದಲ್ಲಿ, ‘ಕ್ಷಮಿಸಿ, ಈ ಸಂಖ್ಯೆ ಹೆಚ್ಚಾದರೆ ಒಳ್ಳೆಯದೋ ಕೆಟ್ಟದ್ದೋ?’ ಎಂದು ಕೇಳಿದರು. ಹಿರಿಯರಿಬ್ಬರು ಉತ್ತರಿಸಲು ಆರಂಭಿಸಿದರು, ಇಬ್ಬರ ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಮೂರನೆಯವರು ತಮ್ಮ ಮುಂದಿದ್ದ ಹಾಳೆಯನ್ನು ನೋಡುತ್ತ ಕುಳಿತರು. ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಒಳ್ಳೆಯದೋ ಕೆಟ್ಟದ್ದೋ ಎಂಬುದು ನಾವು ಅಳೆಯುತ್ತಿರುವ ವಸ್ತುವನ್ನು ಅವಲಂಬಿಸಿದೆ ಎಂಬ ತೀರ್ಮಾನಕ್ಕೆ ಬರಲು ಆ ಸಭೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷಗಳಲ್ಲಿ ನಾನು ಕಲಿತದ್ದು ಅದಕ್ಕೆ ಹಿಂದಿನ ಹನ್ನೊಂದು ತಿಂಗಳುಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಅಷ್ಟು ದಿನವೂ ಆ ಪ್ರಶ್ನೆ ಕೋಣೆಯಲ್ಲಿದ್ದ ಅರ್ಧದಷ್ಟು ಜನರ ಬಾಯಿಯಲ್ಲಿ ಇತ್ತೆಂಬುದು ಆಮೇಲೆ ಹೊರಗೆ ನಡೆದ ಮಾತುಕತೆಯಲ್ಲಿ ತಿಳಿಯಿತು.

ಸಮಾನರ ಮುಂದಿನ ಮುಜುಗರ ಒಂದು ಬಗೆಯದು. ಮೇಲಿನವರ ಮುಂದಿನ ಅಳುಕು ಇನ್ನೊಂದು ಬಗೆಯದು, ಮತ್ತು ಅದು ಹೆಚ್ಚು ಅಪಾಯಕಾರಿ. 1977ರ ಮಾರ್ಚ್ 27ರಂದು ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರಿಫ್‌ನ ವಿಮಾನ ನಿಲ್ದಾಣದಲ್ಲಿ, ದಟ್ಟ ಮಂಜಿನ ನಡುವೆ, ಎರಡು ಬೋಯಿಂಗ್ 747 ವಿಮಾನಗಳು ಓಡುದಾರಿಯಲ್ಲೇ ಡಿಕ್ಕಿ ಹೊಡೆದು 583 ಜನ ಸತ್ತರು. ಮೇಲೇರಲು ಓಡತೊಡಗಿದ್ದ, ನೆದರ್‌ಲೆಂಡ್ಸ್‌ನ ಕೆಎಲ್‌ಎಂ ಸಂಸ್ಥೆಯ ವಿಮಾನದ ಕಾಕ್‌ಪಿಟ್ಟಿನ ಧ್ವನಿಮುದ್ರಿಕೆಯಲ್ಲಿ, ಎದುರಿನ ಪ್ಯಾನ್ ಅಮೆರಿಕನ್ ವಿಮಾನ ಓಡುದಾರಿಯಿಂದ ಇನ್ನೂ ಆಚೆ ಹೋಗಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ ಪ್ರಶ್ನೆ ಉಳಿದಿದೆ. ಹೋಗಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಆ ಕ್ಯಾಪ್ಟನ್ ಸಾಮಾನ್ಯ ಚಾಲಕರಲ್ಲ. ಅದೇ ಬಗೆಯ ವಿಮಾನ ಹಾರಿಸುವುದನ್ನು ಇತರರಿಗೆ ಕಲಿಸುತ್ತಿದ್ದ, ಸಂಸ್ಥೆಯ ಅತ್ಯಂತ ಹಿರಿಯ ತರಬೇತುದಾರರಲ್ಲಿ ಒಬ್ಬರು. ಪ್ರಶ್ನೆ ಸರಿಯಾಗಿತ್ತು, ಸಮಯಕ್ಕೆ ಬಂದಿತ್ತು, ಆದರೆ ಗುರುವಿನ ಖಚಿತ ಧ್ವನಿಯ ಮುಂದೆ ಅದನ್ನು ಎರಡನೆಯ ಬಾರಿ ಕೇಳುವವರಿರಲಿಲ್ಲ. ಇಂಥ ದುರಂತಗಳ ಹಿನ್ನೆಲೆಯಲ್ಲಿ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಕಿರಿಯರು ಸಂದೇಹವನ್ನು ಬಾಯಿಬಿಟ್ಟು ಹೇಳುವುದನ್ನೂ ಹಿರಿಯರು ಅದಕ್ಕೆ ಕಿವಿಗೊಡುವುದನ್ನೂ ವಿಮಾನ ಸಿಬ್ಬಂದಿಗೆ ಕಲಿಸುವ ತರಬೇತಿ ಅಲ್ಲಿಂದ ಬೆಳೆಯಿತು. ಅವರು ಕಿರಿಯರಿಗೆ ಧೈರ್ಯ ತಂದುಕೊಳ್ಳಿ ಎಂದು ಉಪದೇಶಿಸಿ ಸುಮ್ಮನಾಗಲಿಲ್ಲ, ಹಿರಿಯರನ್ನೂ ತರಬೇತಿಗೆ ಕೂರಿಸಿದರು ಎಂಬುದನ್ನು ದಯವಿಟ್ಟು ಗಮನಿಸಬೇಕು. ಪ್ರಶ್ನೆಯ ಭಯವನ್ನು ಕೇಳುವವರೊಬ್ಬರೇ ಗೆಲ್ಲಲಾರರು.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲೂ ಇದೇ ಪಾಠ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತೆಯ ತಪಾಸಣಾ ಪಟ್ಟಿಯಲ್ಲಿ, ಮೊದಲ ಗೀರು ಹಾಕುವ ಮುನ್ನ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆಂಬ ಸಾಲಿದೆ. ಇದು ಶಿಷ್ಟಾಚಾರಕ್ಕಾಗಿ ಅಲ್ಲ. ಒಮ್ಮೆ ಬಾಯಿ ತೆರೆದವರು ತೊಂದರೆ ಕಂಡಾಗ ಎರಡನೆಯ ಬಾರಿ ಬಾಯಿ ತೆರೆಯುವುದು ಸುಲಭ ಎಂಬ ತಿಳಿವಳಿಕೆ ಅದರ ಹಿಂದಿದೆ. ಪಾಠ ಮಾಡುವ ಕೋಣೆಗೂ ಇದು ನೇರವಾಗಿ ಅನ್ವಯಿಸುತ್ತದೆ: ಮೊದಲ ಐದು ನಿಮಿಷಗಳಲ್ಲಿ ಪ್ರತಿಯೊಬ್ಬರೂ ಒಂದು ವಾಕ್ಯವನ್ನಾದರೂ ಆಡಿದ್ದರೆ, ಆಮೇಲೆ ಬರುವ ಪ್ರಶ್ನೆಗೆ ಗಂಟಲು ಒಣಗುವುದಿಲ್ಲ.

ಈಗ ನಮ್ಮ ಕೈಯಲ್ಲಿರುವ ಸಂಗತಿಗೆ ಬರುತ್ತೇನೆ. ಪತ್ರ ಬರೆಯಲು ಕಾರಣವೂ ಅದೇ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ ನೂರಾರು ತರಗತಿಗಳ ಧ್ವನಿಮುದ್ರಿಕೆಗಳನ್ನು ಗಡಿಯಾರ ಹಿಡಿದು ಕೇಳಿದರು. ಶಿಕ್ಷಕರು ಪ್ರಶ್ನೆಯೊಂದನ್ನು ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಎಂದು 1970ರ ದಶಕದಲ್ಲಿ ಅವರು ವರದಿ ಮಾಡಿದರು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ಮತ್ತೆ ಹೇಳುವುದು, ಬೇರೆಯವರನ್ನು ಕೇಳುವುದು, ಇಲ್ಲವೇ ತಾವೇ ಉತ್ತರ ಹೇಳಿಬಿಡುವುದು ನಡೆಯುತ್ತಿತ್ತು. ಕಾಯುವ ಅವಧಿಯನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಮತ್ತು ವಿದ್ಯಾರ್ಥಿಗಳು ತಾವಾಗಿಯೇ ಕೇಳುವ ಪ್ರಶ್ನೆಗಳು ಹೆಚ್ಚಿದವು. ಅವರ ಇನ್ನೊಂದು ಗಮನಿಕೆ ನನ್ನನ್ನು ಹೆಚ್ಚು ಕಾಡಿದೆ. ಜಾಣರೆಂದು ಶಿಕ್ಷಕರು ಎಣಿಸಿದ್ದವರಿಗೆ ಹೆಚ್ಚು ಹೊತ್ತು ಸಿಗುತ್ತಿತ್ತು, ಹಿಂದುಳಿದವರೆಂದು ಎಣಿಸಿದ್ದವರಿಗೆ ಕಡಿಮೆ ಹೊತ್ತು ಸಿಗುತ್ತಿತ್ತು. ಯೋಚಿಸಲು ಹೆಚ್ಚು ಕಾಲ ಬೇಕಾದವರಿಗೇ ನಾವು ಅದನ್ನು ಕಡಿಮೆ ಕೊಡುತ್ತೇವೆ, ಅದೂ ಬೇಕೆಂದಲ್ಲ, ಅವರನ್ನು ಮುಜುಗರದಿಂದ ಪಾರು ಮಾಡುವ ಕರುಣೆಯಿಂದಲೇ ಇರಬಹುದು.

ಮೂರು ಸೆಕೆಂಡು ಎಂದರೆ ಎಷ್ಟು ದೀರ್ಘ ಎಂಬುದು ತರಗತಿಯ ಮುಂದೆ ನಿಂತು ಅದನ್ನು ಪ್ರಯತ್ನಿಸಿದವರಿಗೆ ಮಾತ್ರ ಗೊತ್ತು. ಮೊದಲ ಸಲ ನಾನು ಮನಸ್ಸಿನಲ್ಲಿ ಎಣಿಸುತ್ತ ನಿಂತಾಗ, ಎರಡಕ್ಕೆ ಬರುವಷ್ಟರಲ್ಲಿ ಅಂಗೈ ಬೆವರಿತ್ತು. ಮೌನ ನಮಗೆ ಸೋಲಿನಂತೆ ಕಾಣುತ್ತದೆ, ಹಿಡಿತ ತಪ್ಪಿದಂತೆ ಅನ್ನಿಸುತ್ತದೆ. ಹಾಗಾಗಿ ‘ಎಲ್ಲರಿಗೂ ಅರ್ಥವಾಯಿತಲ್ಲ?’ ಎಂದು ಕೇಳಿ, ಪುಟ ತಿರುಗಿಸುತ್ತಲೇ ‘ಸರಿ, ಮುಂದೆ’ ಎನ್ನುತ್ತೇವೆ. ಈ ವಾಕ್ಯವನ್ನು ಒಮ್ಮೆ ಬಿಡಿಸಿ ನೋಡೋಣ. ಅದಕ್ಕೆ ‘ಇಲ್ಲ’ ಎನ್ನಬೇಕಾದರೆ ‘ಎಲ್ಲರಿಗೂ’ ಎಂಬ ಗುಂಪಿನಿಂದ ಹೊರಬಂದು, ‘ಅರ್ಥವಾಯಿತಲ್ಲ’ ಎಂದು ಈಗಾಗಲೇ ಹೌದೆಂಬುದರತ್ತ ವಾಲಿರುವ ಮಾತನ್ನು ತಿರಸ್ಕರಿಸಿ, ನನಗೊಬ್ಬರಿಗೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಅದು ಪ್ರಶ್ನೆಯ ವೇಷದಲ್ಲಿರುವ ಹೇಳಿಕೆ.

ಮಾತಿನ ಸಣ್ಣ ವ್ಯತ್ಯಾಸ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ವೈದ್ಯಕೀಯದಿಂದ ಒಂದು ನಿದರ್ಶನವಿದೆ. ಜಾನ್ ಹೆರಿಟೇಜ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮೊದಲ ದೂರನ್ನು ಕೇಳಿದ ಮೇಲೆ ಕೆಲವು ವೈದ್ಯರು ‘ಇನ್ನೇನಾದರೂ ಇದೆಯೇ’ ಎಂಬ ಧಾಟಿಯಲ್ಲೂ ಮತ್ತೆ ಕೆಲವರು ‘ಹೇಳಬೇಕಾದದ್ದು ಇನ್ನೂ ಒಂದಿಷ್ಟು ಇದೆಯೇ’ ಎಂಬ ಧಾಟಿಯಲ್ಲೂ ಕೇಳಿದರು. ಅವರಾಡಿದ ಇಂಗ್ಲಿಷಿನಲ್ಲಿ ವ್ಯತ್ಯಾಸವಿದ್ದದ್ದು ಒಂದೇ ಪದದಲ್ಲಿ: ಮೊದಲನೆಯದರಲ್ಲಿ ‘ಎನಿಥಿಂಗ್’, ಎರಡನೆಯದರಲ್ಲಿ ‘ಸಮ್‌ಥಿಂಗ್’. ಎರಡನೆಯ ಧಾಟಿಯಲ್ಲಿ ಕೇಳಿದಾಗ, ರೋಗಿಗಳು ಹೇಳಿಕೊಳ್ಳದೆ ಉಳಿಸಿಕೊಂಡು ಹೋಗುತ್ತಿದ್ದ ತೊಂದರೆಗಳಲ್ಲಿ 78 ಪ್ರತಿಶತ ಇಲ್ಲವಾದವು. ಮೊದಲನೆಯ ಧಾಟಿ ಅಂಥ ಬದಲಾವಣೆಯನ್ನು ತರಲಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಸಂದೇಹವೇನಾದರೂ ಇದೆಯೇ?’ ಎಂಬುದು ಇಲ್ಲವೆಂಬ ಉತ್ತರವನ್ನು ಎದುರುನೋಡುತ್ತದೆ. ‘ಈ ಪಾಠದಲ್ಲಿ ಯಾವ ಸಂದೇಹಗಳು ಬಂದಿವೆ?’ ಎಂಬುದು ಸಂದೇಹ ಬಂದೇ ಬರುತ್ತದೆ, ಬರುವುದು ಸಹಜ ಎಂದು ಮೊದಲೇ ಒಪ್ಪಿಕೊಳ್ಳುತ್ತದೆ. ಇದಕ್ಕಿಂತಲೂ ಒಳ್ಳೆಯದು, ಪ್ರತಿಯೊಬ್ಬರೂ ತಮಗೆ ತೊಡಕೆನಿಸಿದ ಒಂದು ಜಾಗವನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡುವಂತೆ ಹೇಳುವುದು. ಚೀಟಿಗಳನ್ನು ಗಟ್ಟಿಯಾಗಿ ಓದುವಾಗ, ತನ್ನದೇ ಪ್ರಶ್ನೆ ನಾಲ್ಕು ಬೇರೆ ಬೇರೆ ಕೈಬರಹಗಳಲ್ಲಿ ಹೊರಬೀಳುವುದನ್ನು ಕೇಳಿದ ವಿದ್ಯಾರ್ಥಿಯ ಮುಖ ಹೇಗೆ ಸಡಿಲವಾಗುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕಲಿಯುತ್ತಿರುವವರೂ ಈ ಪತ್ರವನ್ನು ಓದಬಹುದು ಎಂಬ ನಿರೀಕ್ಷೆಯಿಂದ ಅವರಿಗೂ ಕೆಲವು ಮಾತು ಹೇಳಬೇಕಾಗಿದೆ. ಏನು ಗೊತ್ತಿಲ್ಲವೆಂಬುದೇ ಗೊತ್ತಿಲ್ಲದಿರುವಾಗ ಹೇಗೆ ಕೇಳುವುದು ಎಂಬುದು ನಿಮ್ಮ ನಿಜವಾದ ಕಷ್ಟ ಎಂದು ನನಗೆ ಗೊತ್ತಿದೆ. ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಅವರು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಿಪ್, ಹೊಲಿಗೆ ಯಂತ್ರ, ಬೀಗದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ತಮಗೆ ಎಷ್ಟು ಗೊತ್ತು ಎಂದು ಜನರು ಮೊದಲು ಅಂಕ ಕೊಟ್ಟುಕೊಂಡರು. ಆಮೇಲೆ ಅದನ್ನು ಹಂತ ಹಂತವಾಗಿ ಬರೆದು ವಿವರಿಸಲು ಹೇಳಿದಾಗ ತಮ್ಮ ಅಂಕವನ್ನು ತಾವೇ ಇಳಿಸಿಕೊಂಡರು. ವಿವರಿಸಲು ಹೊರಟಾಗ ಮಾತು ಎಲ್ಲಿ ನಿಂತುಹೋಗುತ್ತದೋ ಅಲ್ಲಿ ನಿಮ್ಮ ಪ್ರಶ್ನೆ ಇದೆ. ಆದ್ದರಿಂದ ಪಾಠ ಮುಗಿದ ಮೇಲೆ ಅದನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ, ತಡವರಿಸಿದ ವಾಕ್ಯದ ಕೆಳಗೆ ಗೆರೆ ಎಳೆಯಿರಿ, ‘ಇಲ್ಲಿಯವರೆಗೆ ತಿಳಿಯಿತು, ಇಲ್ಲಿಂದ ಈ ಹೆಜ್ಜೆಗೆ ಹೇಗೆ ಬಂದಿರಿ ಎಂಬುದು ತಿಳಿಯಲಿಲ್ಲ’ ಎಂದು ಕೇಳಿರಿ. ಹೀಗೆ ಕೇಳಿದವರನ್ನು ದಡ್ಡರೆಂದು ಭಾವಿಸುವುದು ಕಷ್ಟ, ಏಕೆಂದರೆ ಆ ಪ್ರಶ್ನೆಯೇ ಅವರಿಗೆ ಗೊತ್ತಿರುವುದನ್ನೂ ತೋರಿಸುತ್ತದೆ. ಅಲಿಸನ್ ವುಡ್ ಬ್ರೂಕ್ಸ್, ಫ್ರಾನ್ಸೆಸ್ಕಾ ಜೀನೊ ಮತ್ತು ಮಾರಿಸ್ ಶ್ವೈಟ್ಜರ್ ಅವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಕೆಲಸ ಕಷ್ಟದ್ದಾಗಿದ್ದಾಗ, ತಿಳಿದವರ ಸಲಹೆ ಕೇಳಿದವರನ್ನು ಜನ ಹೆಚ್ಚು ಸಮರ್ಥರೆಂದು ಎಣಿಸಿದರು. ಸುಲಭದ ಕೆಲಸದಲ್ಲಿ ಈ ಲಾಭ ಅಷ್ಟಿಲ್ಲ ಎಂಬುದನ್ನೂ ಹೇಳಬೇಕು. ತಾನೇ ನೋಡಿ ತಿಳಿಯಬಹುದಾದದ್ದನ್ನು ನೋಡಿಕೊಂಡು ಬಂದು ಕೇಳುವುದು ಕೇಳುವವರ ಪಾಲಿನ ಮರ್ಯಾದೆ.

ಎದ್ದು ನಿಲ್ಲಲು ಕಾಲು ನಡುಗುವವರು ಎಲ್ಲರ ಮುಂದೆಯೇ ಆರಂಭಿಸಬೇಕೆಂದಿಲ್ಲ. ಪಾಠದ ನಂತರ ಒಬ್ಬರೇ ಹೋಗಿ ಕೇಳಬಹುದು, ಬರೆದು ಕೊಡಬಹುದು, ಪಕ್ಕದವರನ್ನು ಕೇಳಬಹುದು. ಪಕ್ಕದವರನ್ನು ಕೇಳಿ, ಅವರಿಗೂ ಗೊತ್ತಿಲ್ಲವೆಂದು ತಿಳಿದ ಮೇಲೆ ‘ನಮಗಿಬ್ಬರಿಗೂ ಇದು ತಿಳಿಯಲಿಲ್ಲ’ ಎನ್ನುವುದು ‘ನನಗೆ ತಿಳಿಯಲಿಲ್ಲ’ ಎನ್ನುವುದಕ್ಕಿಂತ ಎಷ್ಟೋ ಹಗುರ.

ಕಲಿಸುವವರಿಂದ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಪಾಠದ ಹೊರೆ ದೊಡ್ಡದು, ಹೊತ್ತು ಕಡಿಮೆ, ಒಬ್ಬೊಬ್ಬರಿಗೂ ಉತ್ತರಿಸುತ್ತ ಕುಳಿತರೆ ವರ್ಷದ ಪಾಠ ಮುಗಿಯುವುದಿಲ್ಲ. ಇದು ನಿಜವಾದ ಕಷ್ಟ. ಇದನ್ನು ಹಗುರವಾಗಿ ತಳ್ಳಿಹಾಕುವವರು ತರಗತಿಯಲ್ಲಿ ನಿಂತವರಲ್ಲ. ಆದರೆ ಎಲ್ಲ ಪ್ರಶ್ನೆಗಳಿಗೂ ಅಲ್ಲೇ ಉತ್ತರಿಸಬೇಕೆಂದು ನಾನು ಕೋರುತ್ತಿಲ್ಲ. ‘ಒಳ್ಳೆಯ ಜಾಗದಲ್ಲಿ ನಿಲ್ಲಿಸಿದಿರಿ, ಇದನ್ನು ನಾಳೆ ಮೊದಲಿಗೆ ನೋಡೋಣ’ ಎಂದು ಹಲಗೆಯ ಮೂಲೆಯಲ್ಲಿ ಬರೆದಿಡಲು ಹತ್ತು ಸೆಕೆಂಡು ಸಾಕು, ನಾಳೆ ಅದನ್ನು ಮರೆಯದಿದ್ದರೆ. ಮರೆತರೆ, ಬರೆಯದೆ ಇದ್ದದ್ದಕ್ಕಿಂತ ಕೆಟ್ಟದ್ದಾಗುತ್ತದೆ. ತಮ್ಮ ಜಾಣತನ ತೋರಿಸಲೆಂದೇ ಕೇಳುವವರೂ ಇರುತ್ತಾರೆ ಎಂಬ ಮಾತೂ ಬರುತ್ತದೆ. ಇರುತ್ತಾರೆ. ಅವರನ್ನು ತಡೆಯಲು ಹೊರಟು ಎಲ್ಲರ ಬಾಯಿ ಮುಚ್ಚಿಸುವುದಕ್ಕಿಂತ ಅವರನ್ನು ಸಹಿಸಿಕೊಳ್ಳುವುದು ಅಗ್ಗದ ದಾರಿ ಎಂದು ನನ್ನ ಅನುಭವ ಹೇಳುತ್ತದೆ.

ಹೆಚ್ಚಿನ ಆಕ್ಷೇಪಗಳ ಕೆಳಗೆ, ನಾವು ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವಿದೆ. ಕೇಳಿದ ಪ್ರಶ್ನೆಗೆ ನಮಗೆ ಉತ್ತರ ಗೊತ್ತಿಲ್ಲದಿರಬಹುದು ಎಂಬ ಅಳುಕು ಅದು. ಕಲಿಯುವವರ ಭಯವೂ ಕಲಿಸುವವರ ಭಯವೂ ಇಲ್ಲಿ ಒಂದೇ: ಗೊತ್ತಿಲ್ಲವೆಂಬುದು ಗೊತ್ತಾಗಿಬಿಡುತ್ತದೆ ಎಂಬ ಭಯ. ವ್ಯತ್ಯಾಸವೆಂದರೆ ಅವರ ಬಳಿ ಇರುವುದು ಮೌನ, ನಮ್ಮ ಬಳಿ ಗದರುವ ಅಧಿಕಾರವಿದೆ. ನನ್ನ ಬಾಲ್ಯದ ಆ ಶಿಕ್ಷಕರ ಮೇಲೆ ಬಹುಕಾಲ ಇಟ್ಟುಕೊಂಡಿದ್ದ ಸಿಟ್ಟು ಇಳಿದದ್ದು ಇದು ಹೊಳೆದ ದಿನ. ತಲೆಕೆಳಗು ಮಾಡಿ ಗುಣಿಸುವುದೇಕೆ ಎಂಬುದು ಅವರಿಗೂ ಗೊತ್ತಿರಲಿಲ್ಲವೇನೋ, ಅವರೂ ಚಿಕ್ಕಂದಿನಲ್ಲಿ ಅದನ್ನು ಕೇಳಿ ಬೈಸಿಕೊಂಡಿದ್ದರೇನೋ.

ಅದು ಹೊಳೆದದ್ದು ಹೇಗೆಂದು ಹೇಳದೆ ಈ ಪತ್ರವನ್ನು ಮುಗಿಸುವುದು ಪ್ರಾಮಾಣಿಕವಾಗದು. ಕೆಲವು ವರ್ಷಗಳ ಹಿಂದೆ ನಾನು ಹೊಸಬರಿಗೆ ಅಂಕಿಅಂಶಗಳ ಪಾಠ ಮಾಡುತ್ತಿದ್ದೆ. ಮಾದರಿಯ, ಅಂದರೆ ದೊಡ್ಡ ಸಮೂಹದಿಂದ ಆಯ್ದುಕೊಂಡ ಒಂದಿಷ್ಟು ಅಂಕಿಗಳ, ಮಾನಕ ವಿಚಲನೆಯನ್ನು ಲೆಕ್ಕ ಹಾಕುವಾಗ ಅಂಕಿಗಳ ಸಂಖ್ಯೆಯಿಂದ ಭಾಗಿಸುವ ಬದಲು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸುವುದು ಏಕೆ ಎಂದು ತರಬೇತಿ ಪಡೆಯುತ್ತಿದ್ದ ಒಬ್ಬ ಮಹಿಳೆ ಕೇಳಿದರು. ‘ಸೂತ್ರ ಇರುವುದೇ ಹಾಗೆ, ಈಗ ಅದರ ಬಳಕೆ ನೋಡೋಣ’ ಎಂದೆ. ಧ್ವನಿಯಲ್ಲಿ ಬೇಸರವಿತ್ತು, ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಕುಳಿತರು. ಮುಂದಿನ ತಿಂಗಳುಗಳಲ್ಲಿ ಅವರು ಒಳ್ಳೆಯ ಕೆಲಸಗಾರ್ತಿಯೆಂದು ಹೆಸರು ಪಡೆದರು, ನಾನೂ ಅವರನ್ನು ಹೊಗಳಿದೆ. ನನ್ನ ಪಾಠಗಳಲ್ಲಿ ಅವರು ಮತ್ತೆ ಬಾಯಿ ತೆರೆದಿಲ್ಲವೆಂಬುದು ನನ್ನ ಗಮನಕ್ಕೇ ಬರಲಿಲ್ಲ.

ಬಹಳ ದಿನಗಳ ನಂತರ ಬೇರೇನನ್ನೋ ಓದುವಾಗ ಉತ್ತರ ಸಿಕ್ಕಿತು. ಮಾದರಿಯ ಸರಾಸರಿಯನ್ನು ಆ ಮಾದರಿಯ ಅಂಕಿಗಳಿಂದಲೇ ಲೆಕ್ಕ ಹಾಕಿರುವುದರಿಂದ, ಆ ಅಂಕಿಗಳು ಇಡೀ ಸಮೂಹದ ನಿಜವಾದ ಸರಾಸರಿಗಿಂತ ತಮ್ಮದೇ ಸರಾಸರಿಯ ಹತ್ತಿರ ಒತ್ತಿಕೊಂಡಿರುತ್ತವೆ. ವ್ಯತ್ಯಾಸಗಳ ವರ್ಗಗಳ ಮೊತ್ತ ಹಾಗಾಗಿ ಇರಬೇಕಾದುದಕ್ಕಿಂತ ಕಡಿಮೆ ಬರುತ್ತದೆ. ಒಂದನ್ನು ಕಳೆದು ಭಾಗಿಸುವುದು ಆ ಕೊರತೆಯನ್ನು ತುಂಬಿಕೊಡುತ್ತದೆ. ಓದಿ ಮುಗಿಸಿದ ಕೂಡಲೇ ಆ ಪ್ರಶ್ನೆ ಕೇಳಿದವರ ಮುಖ ನೆನಪಾಯಿತು. ಮರುದಿನ ಅವರ ಮೇಜಿನ ಬಳಿ ಹೋಗಿ, ಅಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳುವ ಬದಲು ನಿಮ್ಮನ್ನು ಕೂರಿಸಿದೆ, ತಪ್ಪಾಯಿತು ಎಂದು ಹೇಳಿ, ಉತ್ತರವನ್ನು ವಿವರಿಸಲು ಕುಳಿತೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ‘ಇದನ್ನು ನಾನು ಆ ವಾರವೇ ಹುಡುಕಿ ತಿಳಿದುಕೊಂಡಿದ್ದೆ’ ಎಂದರು. ಸ್ವಲ್ಪ ತಡೆದು, ‘ಆಮೇಲಿನವನ್ನು ಕೇಳಲಿಲ್ಲ, ಅಷ್ಟೇ’ ಎಂದರು.

ಆಮೇಲಿನವು ಯಾವುವು ಎಂದು ನಾನು ಕೇಳಿದೆ, ಕೇಳಿ ಸುಮ್ಮನೆ ಕುಳಿತೆ. ಮೂರು ಸೆಕೆಂಡಿಗಿಂತ ಹೆಚ್ಚೇ ಕಳೆದಿರಬೇಕು. ಅವರು ಮೇಜಿನ ಖಾನೆಯಿಂದ ಹಳೆಯ ಟಿಪ್ಪಣಿ ಪುಸ್ತಕವೊಂದನ್ನು ತೆಗೆದು ಹಿಂದಿನ ಪುಟಗಳನ್ನು ತಿರುವಿದರು. ಏಳು ಪ್ರಶ್ನೆಗಳಿದ್ದವು. ಅವುಗಳಲ್ಲಿ ಎರಡಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಮತ್ತು ಈ ಸಲ ಇಲ್ಲವೆಂದೇ ಹೇಳಿದೆ.

ನೀವು ಎಂದೋ ಕೂರಿಸಿದ ಯಾರಾದರೂ ನೆನಪಿಗೆ ಬಂದರೆ, ಅವರು ಇನ್ನೂ ನಿಮಗೆ ಸಿಗುವಷ್ಟು ಹತ್ತಿರದಲ್ಲಿದ್ದರೆ, ದಯವಿಟ್ಟು ಈ ವಾರವೇ ಹೋಗಿ ಅವರನ್ನು ಕೇಳಿ.

ಇಂತಿ,
ಕಲಿಸುವ ಕೆಲಸದಲ್ಲಿರುವ ನಿಮ್ಮ ಸಹೋದ್ಯೋಗಿ